ಸ್ನೋ ಬೀಳುವ ಊರಿಗೆ ಕಾರು ಆರಿಸುವುದು ಹೇಗೆ: ಅಮೆರಿಕ, ಕೆನಡಾದ ಮೊದಲ ಚಳಿಗಾಲಕ್ಕೆ ಸಮಗ್ರ ಮಾರ್ಗದರ್ಶಿ

ಡಿಸೆಂಬರ್ ಬಂತೆಂದರೆ ಹೊಸಬರಿಂದ ಒಂದೇ ಥರದ ಫೋನು. "ಅಣ್ಣಾ, ಆಲ್-ವೀಲ್ ಡ್ರೈವ್ ಗಾಡಿನೇ ತಗೊಂಡಿದ್ದು, ಆದ್ರೂ ಸಿಗ್ನಲ್‌ನಲ್ಲಿ ನಿಲ್ಲದೆ ಜಾರ್ಕೊಂಡು ಹೋಗ್ಬಿಡ್ತು." ಇಲ್ಲವೇ, "ಮೈನಸ್ ಇಪ್ಪತ್ತೈದು ಇದೆ, ಗಾಡಿ ಸ್ಟಾರ್ಟೇ ಆಗ್ತಿಲ್ಲ." ವಿಚಾರಿಸಿದರೆ ಗಾಡಿಯಲ್ಲಿ ದೋಷ ಇರುವುದಿಲ್ಲ, ಓಡಿಸಿದವರೂ ಹುಷಾರಿನವರೇ. ಆಗಸ್ಟ್‌ನಲ್ಲಿ ಬಂದಿಳಿದು, ಸೆಪ್ಟೆಂಬರಿನ ಒಣ ರಸ್ತೆಯಲ್ಲಿ ಓಡಿಸಿ ನೋಡಿ, ಬೆಲೆ ಮತ್ತು ಮೈಲೇಜ್ ಲೆಕ್ಕ ಹಾಕಿ ಕೊಂಡಿರುತ್ತಾರೆ. ಚಳಿಗಾಲದ ಲೆಕ್ಕವನ್ನು ತಲೆಕೆಳಗಾಗಿ ಹಾಕಿರುತ್ತಾರೆ, ಅಷ್ಟೇ. "ಆಲ್-ವೀಲ್ ಡ್ರೈವ್ ಇದೆಯಾ", ಅಂದರೆ ಎಂಜಿನ್ ಶಕ್ತಿ ನಾಲ್ಕೂ ಚಕ್ರಕ್ಕೆ ಹೋಗುತ್ತದೆಯಾ ಅನ್ನುವುದು ಅವರ ಮೊದಲ ಪ್ರಶ್ನೆ. ಟೈರಿನ ಯೋಚನೆ ಬರುವ ಹೊತ್ತಿಗೆ ದುಡ್ಡು ಮುಗಿದಿರುತ್ತದೆ.

ಹಾಗಾಗಿ ಇಲ್ಲಿ ಹಂತಗಳ ಕ್ರಮವೇ ಮುಖ್ಯ. ಮೊದಲು ರಸ್ತೆ, ಆಮೇಲೆ ಬಜೆಟ್, ಆಮೇಲೆ ಟೈರು. ಡ್ರೈವ್, ಎತ್ತರ, ತುಕ್ಕು, ಚಳಿ ಎಲ್ಲ ಅದರ ಹಿಂದೆ. ಹಿಂದುಮುಂದು ಮಾಡಬೇಡಿ. ಹಳೆ ಗಾಡಿ ಕೊಳ್ಳುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಹೊಸ ಗಾಡಿಯಾದರೆ ತುಕ್ಕಿನ ಹಂತ ಬಿಟ್ಟು ಉಳಿದದ್ದನ್ನು ಪಾಲಿಸಿ.

ಕೈಯಲ್ಲಿ ಇರಬೇಕಾದದ್ದು

ಟಾರ್ಚ್ ಇರುವ ಫೋನು, ಒಂದು ಅಮೆರಿಕನ್ ಕ್ವಾರ್ಟರ್ ನಾಣ್ಯ, ಅಳತೆ ಟೇಪು, ನೆಲಕ್ಕೆ ಹಾಸಿಕೊಳ್ಳಲು ಒಂದು ಹಳೆ ಬೆಡ್‌ಶೀಟು. ಕೆನಡಾದಲ್ಲಿದ್ದರೆ ನಾಣ್ಯದ ಬದಲು ಟೈರಿನ ಆಳ ಅಳೆಯುವ ಗೇಜ್ ತಗೊಳ್ಳಿ, ನಾಲ್ಕೈದು ಡಾಲರ್‌ಗೆ ಸಿಗುತ್ತದೆ. ಇದರ ಜೊತೆಗೆ ಮಾರುವವರಿಗೆ ಸಂಬಂಧವಿಲ್ಲದ ಒಬ್ಬ ಮೆಕ್ಯಾನಿಕ್‌ನ ಅಪಾಯಿಂಟ್‌ಮೆಂಟ್. ಇದನ್ನು ಗಾಡಿ ಹುಡುಕುವ ಮೊದಲೇ ಗೊತ್ತು ಮಾಡಿಕೊಂಡಿರಿ. ಗಾಡಿ ಇಷ್ಟವಾದ ಮೇಲೆ ಹುಡುಕಲು ಹೊರಟರೆ, "ಇನ್ನೊಬ್ಬರು ನಾಳೆ ಬರ್ತಾರೆ" ಎಂದು ಮಾರುವವರು ಅವಸರ ಮಾಡಿದಾಗ ತಪಾಸಣೆಯನ್ನೇ ಬಿಟ್ಟುಬಿಡುತ್ತೀರಿ.

ಹಂತ 1: ನಿಮ್ಮ ರಸ್ತೆಯನ್ನು ಕಾಗದದ ಮೇಲೆ ಬರೆಯಿರಿ

ಕಾರಿನ ಸೈಟ್‌ಗಳನ್ನು ತೆರೆಯುವ ಮೊದಲು ಈ ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಗಾಡಿ ರಾತ್ರಿ ಎಲ್ಲಿ ನಿಲ್ಲುತ್ತದೆ: ಗ್ಯಾರೇಜ್, ಅಪಾರ್ಟ್‌ಮೆಂಟಿನ ಬಯಲು, ರಸ್ತೆ ಬದಿ? ಮನೆಯಿಂದ ಮುಖ್ಯ ರಸ್ತೆವರೆಗಿನ ಮೊದಲ ಇನ್ನೂರು ಮೀಟರ್‌ನಲ್ಲಿ ಸ್ನೋ ತೆಗೆಯುವವರು ಯಾರು, ಎಷ್ಟು ಹೊತ್ತಿಗೆ? ಅಲ್ಲಿ ಇಳಿಜಾರು ಇದೆಯಾ? ನೀವು ಹೊರಡುವುದು ರಸ್ತೆಯ ಸ್ನೋ ತಳ್ಳುವ ಪ್ಲೌ ಗಾಡಿ ಬರುವ ಮೊದಲೋ, ಆಮೇಲೋ?

ಹೆದ್ದಾರಿಯ ಬಗ್ಗೆ ಎಲ್ಲರೂ ಯೋಚಿಸುತ್ತಾರೆ. ಆದರೆ ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಈ ಮೊದಲ ಇನ್ನೂರು ಮೀಟರ್‌ನಲ್ಲಿ.

ಊರುಗಳನ್ನು ನಾಲ್ಕು ಬಗೆ ಮಾಡಿಕೊಂಡರೆ ಸಾಕು. ಮಿನಿಯಾಪೊಲಿಸ್, ಷಿಕಾಗೊ, ಡೆಟ್ರಾಯ್ಟ್, ಟೊರಾಂಟೊ ಸಮತಟ್ಟು. ಮುಖ್ಯ ರಸ್ತೆಗಳಿಗೆ ಉಪ್ಪು ಮತ್ತು ಪ್ಲೌ ಬೇಗ ಬರುತ್ತದೆ. ಬಫಲೋ, ಸಿರಕ್ಯೂಸ್, ಗ್ರ್ಯಾಂಡ್ ರ್ಯಾಪಿಡ್ಸ್ ಕಡೆ ದೊಡ್ಡ ಸರೋವರಗಳ ಮೇಲಿಂದ ಬರುವ ಗಾಳಿಯಿಂದ ಒಂದೇ ರಾತ್ರಿಗೆ ಮೊಣಕಾಲುದ್ದ ಬೀಳಬಹುದು. ಅಲ್ಲಿ ಗಾಡಿಯ ಎತ್ತರಕ್ಕೆ ಬೆಲೆ. ಡೆನ್ವರ್, ಸಾಲ್ಟ್ ಲೇಕ್ ಸಿಟಿ, ವರ್ಮಾಂಟ್, ಗುಡ್ಡದೂರು ಪಿಟ್ಸ್‌ಬರ್ಗ್ ಇವು ಏರುರಸ್ತೆಯ ಊರುಗಳು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವುದು ಅಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತದೆ. ವಿನಿಪೆಗ್, ಸಾಸ್ಕಟೂನ್, ಎಡ್ಮಂಟನ್, ಫಾರ್ಗೊ ಕಡೆ ಸ್ನೋಗಿಂತ ಚಳಿಯದೇ ಕಾಟ ಜಾಸ್ತಿ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗುವುದೇ ಅಲ್ಲಿನ ಮೊದಲ ಪ್ರಶ್ನೆ.

ರಸ್ತೆ ಬದಿ ನಿಲ್ಲಿಸುವವರು ಊರಿನ ಪಾರ್ಕಿಂಗ್ ನಿಯಮವನ್ನೂ ಈಗಲೇ ಓದಿ. ಷಿಕಾಗೊದಲ್ಲಿ ಡಿಸೆಂಬರ್ 1ರಿಂದ ಏಪ್ರಿಲ್ 1ರವರೆಗೆ ಕೆಲವು ಮುಖ್ಯ ರಸ್ತೆಗಳಲ್ಲಿ ಬೆಳಗಿನ ಜಾವ 3ರಿಂದ 7ರ ತನಕ ನಿಲ್ಲಿಸುವ ಹಾಗಿಲ್ಲ. ಸ್ನೋ ಬೀಳದಿದ್ದರೂ ಗಾಡಿ ಎಳೆದುಕೊಂಡು ಹೋಗುತ್ತಾರೆ.

ಹಂತ 2: ಟೈರಿನ ದುಡ್ಡನ್ನು ಮೊದಲು ಎತ್ತಿಡಿ

ಕೈಯಲ್ಲಿ ಹನ್ನೆರಡು ಸಾವಿರ ಡಾಲರ್ ಇದೆ ಅಂದುಕೊಳ್ಳಿ. ಅಷ್ಟೂ ಗಾಡಿಗೆ ಅಲ್ಲ. ಟೈರಿಗೆ ಸಾವಿರ, ತಪಾಸಣೆಗೆ ಇನ್ನೂರು, ಬೇಕಾದರೆ ಹೊಸ ಬ್ಯಾಟರಿಗೆ ಇನ್ನೂರೈವತ್ತು ಎತ್ತಿಡಿ. ನೋಂದಣಿ, ತೆರಿಗೆ, ಇನ್ಷುರೆನ್ಸ್ ಬೇರೆ. ಉಳಿದದ್ದು ಗಾಡಿಯ ದುಡ್ಡು.

ಹೀಗೆ ಮಾಡಿದರೆ ಕೆಲವು ಗಾಡಿಗಳು ಕೈತಪ್ಪುತ್ತವೆ. ತಪ್ಪಲಿ. ಸವೆದ ಟೈರಿನ ದೊಡ್ಡ ಎಸ್‌ಯುವಿಗಿಂತ ಒಳ್ಳೆಯ ವಿಂಟರ್ ಟೈರಿನ ಪುಟ್ಟ ಕೊರೊಲಾ ಐಸ್ ಮೇಲೆ ಬೇಗ ನಿಲ್ಲುತ್ತದೆ. ಈ ಮಾತನ್ನು ನಂಬಲು ಹೊಸಬರಿಗೆ ಕಷ್ಟವಾಗುತ್ತದೆ. ಕಾರಣ ಮುಂದಿನ ಹಂತಗಳಲ್ಲಿದೆ.

ಹಂತ 3: ಟೈರು ಓದಲು ಕಲಿಯಿರಿ

ರಸ್ತೆಗೆ ತಾಗುವುದು ನಾಲ್ಕು ಅಂಗೈಯಷ್ಟು ರಬ್ಬರು ಮಾತ್ರ. ಎಂಜಿನ್, ಬ್ರೇಕ್, ಕಂಪ್ಯೂಟರ್ ಏನೇ ಮಾಡಿದರೂ ಆ ನಾಲ್ಕು ಅಂಗೈಗಳ ಮೂಲಕವೇ ಮಾಡಬೇಕು. ಮಾಮೂಲಿ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಡುಸಾಗತೊಡಗುತ್ತದೆ. ಗಡುಸಾದ ಟೈರು ಐಸಿನ ಮೇಲೆ ಹೋಗುವುದೆಂದರೆ ಸವೆದ ಹವಾಯಿ ಚಪ್ಪಲಿ ಹಾಕಿಕೊಂಡು ಒದ್ದೆ ಬಚ್ಚಲಿಗೆ ಕಾಲಿಟ್ಟ ಹಾಗೆ. ವಿಂಟರ್ ಟೈರಿನ ರಬ್ಬರು ಚಳಿಯಲ್ಲೂ ಮೆತ್ತಗೆ ಉಳಿಯುತ್ತದೆ. ಅದರ ಮೈಮೇಲಿನ ಸಣ್ಣ ಸಣ್ಣ ಸೀಳುಗಳು ಸ್ನೋವನ್ನು ಕಚ್ಚಿ ಹಿಡಿಯುತ್ತವೆ.

ಮಾರುಕಟ್ಟೆಯಲ್ಲಿ ನಾಲ್ಕು ಜಾತಿ. ಸಮ್ಮರ್ ಟೈರು ಸ್ಪೋರ್ಟಿ ಮಾಡೆಲ್‌ಗಳಲ್ಲಿ ಬರುತ್ತದೆ. ಚಳಿಗಾಲದಲ್ಲಿ ಅದನ್ನು ಮುಟ್ಟಲೇಬೇಡಿ. ಆಲ್-ಸೀಸನ್ ಬಹುತೇಕ ಗಾಡಿಗಳಲ್ಲಿ ಇರುವಂಥದ್ದು. ಹೆಸರು ಕೇಳಿ ಮೋಸ ಹೋಗಬೇಡಿ, ಮಿನಿಯಾಪೊಲಿಸ್‌ನ ಜನವರಿಗೆ ಅದು ಸಾಲದು. ಆಲ್-ವೆದರ್ ಎಂಬುದು ವರ್ಷಪೂರ್ತಿ ಹಾಕಿಕೊಂಡಿರಬಹುದಾದ, ಸ್ನೋ ಪರೀಕ್ಷೆಯಲ್ಲೂ ಪಾಸಾದ ಟೈರು. ಮಿಷೆಲಿನ್ ಕ್ರಾಸ್‌ಕ್ಲೈಮೇಟ್ 2, ಟೋಯೊ ಸೆಲ್ಸಿಯಸ್ ಈ ಗುಂಪಿನವು. ಕೊನೆಯದು ಅಪ್ಪಟ ವಿಂಟರ್ ಟೈರು: ಬ್ರಿಡ್ಜ್‌ಸ್ಟೋನ್ ಬ್ಲಿಜ್ಜಾಕ್, ಮಿಷೆಲಿನ್ ಎಕ್ಸ್-ಐಸ್, ನೋಕಿಯನ್ ಹಕ್ಕಪೆಲಿಟ್ಟ ಮುಂತಾದವು.

ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಒಂದು ಹಿಮದ ಹರಳು ಇರುವ ಗುರುತು ಹುಡುಕಿ. ಅದಿದ್ದರೆ ಆ ಟೈರು ಸ್ನೋ ಮೇಲಿನ ಹಿಡಿತದ ಪರೀಕ್ಷೆಯಲ್ಲಿ ಪಾಸಾಗಿದೆ ಎಂದರ್ಥ. "ಎಂ+ಎಸ್" ಅಂತ ಮಾತ್ರ ಬರೆದಿದ್ದರೆ ಅದು ಬರೀ ಹಲ್ಲುಗಳ ವಿನ್ಯಾಸ ನೋಡಿ ತಯಾರಕರೇ ಹಾಕಿಕೊಂಡ ಗುರುತು. ಮಾರುವವರು "ಸ್ನೋ ಟೈರು ಇದೆ" ಎಂದು ಇದನ್ನೇ ತೋರಿಸುವುದುಂಟು. ಬೆಟ್ಟದ ಗುರುತು ಕಾಣಲಿಲ್ಲವೆಂದರೆ ಸ್ನೋ ಟೈರು ಇಲ್ಲ ಎಂದೇ ಲೆಕ್ಕ ಹಾಕಿ ಬೆಲೆ ಮಾತಾಡಿ.

ಈಗ ಕ್ವಾರ್ಟರ್ ತೆಗೆಯಿರಿ. ಅದರ ಮೇಲಿನ ವಾಷಿಂಗ್ಟನ್ ತಲೆಕೆಳಗಾಗುವಂತೆ ಟೈರಿನ ಹಲ್ಲುಗಳ ಸಂದಿಯೊಳಗೆ ತೂರಿಸಿ. ಅವರ ನೆತ್ತಿ ಪೂರ್ತಿ ಕಾಣುತ್ತಿದ್ದರೆ ಆಳ 4/32 ಇಂಚಿಗಿಂತ ಕಡಿಮೆ, ಸ್ನೋಗೆ ಆ ಟೈರು ಮುಗಿದ ಕಥೆ. ಹೊಸ ವಿಂಟರ್ ಟೈರಿನ ಆಳ 10/32, 11/32 ಇಂಚು ಇರುತ್ತದೆ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಕಾನೂನು 2/32 ಇದ್ದರೂ ಬಿಡುತ್ತದೆ, ಆದರೆ ಐಸು ಬಿಡುವುದಿಲ್ಲ. ಒಂದೇ ಕಡೆ ನೋಡಬೇಡಿ. ಒಳಅಂಚು, ನಡು, ಹೊರಅಂಚು ಮೂರೂ ನೋಡಿ. ಒಳಅಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ಅಥವಾ ಸಸ್ಪೆನ್ಷನ್ ಕೆಲಸ ಬಾಕಿ ಇದೆ.

ವಯಸ್ಸನ್ನೂ ನೋಡಿ. ಟೈರಿನ ಪಕ್ಕದಲ್ಲಿರುವ "ಡಾಟ್" (DOT) ಸಂಖ್ಯೆಯ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ ಹೇಳುತ್ತದೆ. 3521 ಅಂದರೆ 2021ರ 35ನೇ ವಾರ. ಆರೇಳು ವರ್ಷ ದಾಟಿದ ವಿಂಟರ್ ಟೈರು ಹಲ್ಲು ಚೆನ್ನಾಗಿದ್ದರೂ ಗಟ್ಟಿಯಾಗಿರುತ್ತದೆ. "ಫ್ರೀಯಾಗಿ ವಿಂಟರ್ ಟೈರ್ ಸೆಟ್ ಕೊಡ್ತೀನಿ" ಅನ್ನುವವರ ಸೆಟ್ಟು ಹೆಚ್ಚಾಗಿ ಇಂಥದ್ದೇ.

ತಪ್ಪದೆ ನಡೆಯುವ ಇನ್ನೊಂದು ತಪ್ಪು, ದುಡ್ಡು ಉಳಿಸಲು ಎರಡೇ ವಿಂಟರ್ ಟೈರು ಹಾಕಿಸುವುದು. ಮುಂದಿನ ಎರಡಕ್ಕೆ ಮಾತ್ರ ಹಾಕಿಸಿದರೆ ಮುಂದಿನದು ಹಿಡಿದುಕೊಳ್ಳುತ್ತದೆ, ಹಿಂದಿನದು ಜಾರುತ್ತದೆ. ತಿರುವಿನಲ್ಲಿ ಬ್ರೇಕ್ ಒತ್ತಿದರೆ ಗಾಡಿಯ ಹಿಂಭಾಗ ಸುತ್ತಿಕೊಂಡು ಮುಂದೆ ಬರುತ್ತದೆ. ಹಾಕಿಸಿದರೆ ನಾಲ್ಕೂ ಹಾಕಿಸಿ.

ರಿಮ್ಮಿನ ಗಾತ್ರ ಗಾಡಿ ಕೊಳ್ಳುವಾಗಲೇ ನೋಡಬೇಕಾದ ವಿಷಯ. ಒಂದೇ ಮಾಡೆಲ್‌ನ ದುಬಾರಿ ಟ್ರಿಮ್‌ಗೆ, ಅಂದರೆ ದುಬಾರಿ ದರ್ಜೆಗೆ 19 ಇಂಚು, ಸಾದಾ ಟ್ರಿಮ್‌ಗೆ 17 ಇಂಚು ಇರುತ್ತದೆ. ನಾನಾದರೆ ಸಾದಾದ್ದನ್ನೇ ಆರಿಸುತ್ತೇನೆ. ಚಿಕ್ಕ ರಿಮ್ಮಿನ ವಿಂಟರ್ ಟೈರು ಅಗ್ಗ, ದಪ್ಪ ರಬ್ಬರಿನ ಗೋಡೆ ಮಾರ್ಚ್ ತಿಂಗಳ ಗುಂಡಿಗಳಲ್ಲಿ ರಿಮ್ಮನ್ನು ಕಾಪಾಡುತ್ತದೆ. ಸರಿಯಾದ ಅಳತೆ ಡ್ರೈವರ್ ಬಾಗಿಲಿನ ಚೌಕಟ್ಟಿನ ಸ್ಟಿಕರ್ ಮೇಲೆ ಇರುತ್ತದೆ, ಫೋಟೊ ತೆಗೆದಿಟ್ಟುಕೊಳ್ಳಿ.

ವಿಂಟರ್ ಟೈರೋ ಆಲ್-ವೆದರೋ? ಬಿಚ್ಚಿದ ಸೆಟ್ ಇಡಲು ಜಾಗ ಇದ್ದು, ಮೂರ್ನಾಲ್ಕು ತಿಂಗಳು ಐಸು ಇರುವ ಊರಾದರೆ ವಿಂಟರ್ ಟೈರು, ಬೇರೆ ರಿಮ್ಮಿನ ಮೇಲೆ. ಅಪಾರ್ಟ್‌ಮೆಂಟಿನಲ್ಲಿ ಜಾಗವೇ ಇಲ್ಲ, ಹೋಗುವುದು ಉಪ್ಪು ಹಾಕಿದ ಮುಖ್ಯ ರಸ್ತೆಗಳಲ್ಲಿ ಮಾತ್ರ ಎಂದರೆ ಆಲ್-ವೆದರ್ ಸಾಕು.

ಕಾನೂನು ಊರಿಗೊಂದು. ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ವಿಂಟರ್ ಟೈರು ಕಡ್ಡಾಯ. ಬ್ರಿಟಿಷ್ ಕೊಲಂಬಿಯಾದ ಬಹುತೇಕ ಬೆಟ್ಟದ ಹೆದ್ದಾರಿಗಳಲ್ಲಿ ಅಕ್ಟೋಬರ್ 1ರಿಂದ ನಿಯಮ ಶುರು, ಆಳ ಕನಿಷ್ಠ 3.5 ಮಿಲಿಮೀಟರ್ ಇರಬೇಕು. ಒಂಟಾರಿಯೊದಲ್ಲಿ ಕಡ್ಡಾಯವಿಲ್ಲ, ಆದರೆ 2016ರಿಂದ ವಿಂಟರ್ ಟೈರು ಹಾಕಿದವರಿಗೆ ಇನ್ಷುರೆನ್ಸ್ ಕಂಪನಿಗಳು ರಿಯಾಯಿತಿ ಕೊಡಲೇಬೇಕು. ರಸೀದಿ ಕಳಿಸಿ ಕೇಳಿ, ಕೇಳದಿದ್ದರೆ ಸಿಗದೇ ಹೋಗಬಹುದು. ಮೊಳೆ ಇರುವ ಟೈರು ದಕ್ಷಿಣ ಒಂಟಾರಿಯೊದವರು ಹಾಕಿಸುವ ಹಾಗಿಲ್ಲ, ಮಿನೆಸೋಟದ ನಿವಾಸಿಗಳಿಗೂ ಸಾಮಾನ್ಯವಾಗಿ ಅವಕಾಶವಿಲ್ಲ. ಬೇರೆ ರಾಜ್ಯದಿಂದ ಅಗ್ಗಕ್ಕೆ ತರುವ ಮೊದಲು ನೋಡಿಕೊಳ್ಳಿ.

ಹಂತ 4: ಈಗ ಡ್ರೈವ್ ಆರಿಸಿ

ಆಲ್-ವೀಲ್ ಡ್ರೈವ್ ಗಾಡಿಯನ್ನು ಹೊರಡಿಸುತ್ತದೆ, ನಿಲ್ಲಿಸುವುದಿಲ್ಲ. ಬ್ರೇಕ್ ಎಲ್ಲ ಕಾರಿನಲ್ಲೂ ನಾಲ್ಕೂ ಚಕ್ರಕ್ಕೆ ಇರುತ್ತದೆ. ಎಂಜಿನ್ ಶಕ್ತಿ ಎಷ್ಟು ಚಕ್ರಕ್ಕೆ ಹೋಗುತ್ತದೆ ಎಂಬುದಕ್ಕೂ ನಿಲ್ಲುವ ದೂರಕ್ಕೂ ಸಂಬಂಧವಿಲ್ಲ. ಮೊದಲು ಹೇಳಿದ ಫೋನಿನ ಗುಟ್ಟು ಇದೇ: ಸಿಗ್ನಲ್‌ನಿಂದ ಸಿಗ್ನಲ್‌ಗೆ ಗಾಡಿ ಸಲೀಸಾಗಿ ಹೊರಟಿತು, ರಸ್ತೆ ಚೆನ್ನಾಗಿದೆ ಎಂದುಕೊಂಡು ವೇಗ ಜಾಸ್ತಿ ಮಾಡಿದರು, ಜಾರುತ್ತಿದೆ ಎಂದು ಗೊತ್ತಾದದ್ದು ಬ್ರೇಕ್ ಒತ್ತಿದಾಗ. ಫ್ರಂಟ್-ವೀಲ್ ಗಾಡಿಯಾಗಿದ್ದರೆ ಹೊರಡುವಾಗಲೇ ಚಕ್ರ ಸುತ್ತಿ ಎಚ್ಚರಿಸಿರುತ್ತಿತ್ತು.

ಫ್ರಂಟ್-ವೀಲ್ ಡ್ರೈವ್‌ನಲ್ಲಿ ಎಂಜಿನ್ನಿನ ಭಾರ ಓಡಿಸುವ ಚಕ್ರಗಳ ಮೇಲೇ ಕೂತಿರುತ್ತದೆ. ಸಮತಟ್ಟಾದ, ಪ್ಲೌ ಆಗುವ ಊರಿಗೆ ನಾಲ್ಕು ವಿಂಟರ್ ಟೈರಿನ ಜೊತೆ ಇದು ಧಾರಾಳವಾಗಿ ಸಾಕು. ಕೊರೊಲಾ, ಸಿವಿಕ್ ಓಡಿಸಿಕೊಂಡೇ ಎಷ್ಟೋ ಸಂಸಾರಗಳು ಟೊರಾಂಟೊದಲ್ಲಿ ಚಳಿಗಾಲಗಳನ್ನು ಕಳೆಯುತ್ತಿವೆ.

ರಿಯರ್-ವೀಲ್ ಡ್ರೈವ್ ಮೊದಲ ಚಳಿಗಾಲಕ್ಕೆ ಬೇಡ. ಅಗ್ಗಕ್ಕೆ ಸಿಗುವ ಹಳೆ ಜರ್ಮನ್ ಸೆಡಾನ್‌ಗಳು, ಮಸ್ಟ್ಯಾಂಗ್ ಥರದವು ಹೊಸ ಹುಡುಗರ ಕಣ್ಣು ಸೆಳೆಯುತ್ತವೆ. ಆಕ್ಸಿಲರೇಟರ್ ಸ್ವಲ್ಪ ಜಾಸ್ತಿ ಒತ್ತಿದರೂ ಹಿಂಭಾಗ ಪಕ್ಕಕ್ಕೆ ಹೋಗುತ್ತದೆ. ಅದನ್ನು ಸರಿಪಡಿಸುವ ಕೈ ಬರಲು ಸಮಯ ಬೇಕು.

ಆಲ್-ವೀಲ್ ಡ್ರೈವ್ ಬೇಕಾಗುವುದು ಏರು ರಸ್ತೆ, ಪ್ಲೌ ತಡವಾಗಿ ಬರುವ ಬೀದಿ, ಬೆಳಗಿನ ಜಾವದ ಶಿಫ್ಟು ಇದ್ದವರಿಗೆ. ಹಂತ 1ರ ಕಾಗದ ನೋಡಿ, ಇವುಗಳಲ್ಲಿ ಒಂದಾದರೂ ಇದ್ದರೆ ತಗೊಳ್ಳಿ. ಖರ್ಚೂ ತಿಳಿದಿರಲಿ. ಸುಬಾರು ಥರದ ಗಾಡಿಗಳಲ್ಲಿ ನಾಲ್ಕೂ ಟೈರಿನ ಸವೆತ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು ಟೈರು ಹಾಳಾದರೆ ಕೆಲವೊಮ್ಮೆ ನಾಲ್ಕನ್ನೂ ಬದಲಿಸಬೇಕಾಗುತ್ತದೆ.

ನೋಡಲು ಎಸ್‌ಯುವಿ ಆದದ್ದೆಲ್ಲ ಆಲ್-ವೀಲ್ ಡ್ರೈವ್ ಅಲ್ಲ. ಆರ್‌ಎವಿ4, ಸಿಆರ್-ವಿ ಎರಡೂ ಫ್ರಂಟ್-ವೀಲ್‌ನಲ್ಲೂ ಬರುತ್ತವೆ. ತೆಕ್ಸಾಸ್, ಫ್ಲಾರಿಡಾದಿಂದ ಬಂದ ಗಾಡಿಯಾದರೆ ವಿಚಾರಿಸಿಯೇ ಮುಂದುವರಿಯಿರಿ. ಹಿಂದಿನ ಬ್ಯಾಡ್ಜ್ ಒಂದನ್ನೇ ನಂಬದೆ ವಿನ್ ನಂಬರ್ (ಪ್ರತಿ ಗಾಡಿಗೂ ಇರುವ ಗುರುತಿನ ಸಂಖ್ಯೆ) ಹಾಕಿ ಟ್ರಿಮ್ ನೋಡಿ. ಬಗ್ಗಿ ನೋಡಿದರೆ ಹಿಂದಿನ ಚಕ್ರಗಳ ನಡುವೆ ಡಿಫರೆನ್ಷಿಯಲ್ ಎಂಬ ಗೇರು ಡಬ್ಬಿ ಮತ್ತು ಅದಕ್ಕೆ ಬರುವ ಉದ್ದನೆಯ ಶಾಫ್ಟ್ ಕಾಣಬೇಕು. ಆರ್‌ಎವಿ4 ಹೈಬ್ರಿಡ್‌ನಂಥ ಆಲ್-ವೀಲ್ ಹೈಬ್ರಿಡ್‌ಗಳು ಇದಕ್ಕೆ ಹೊರತು. ಹಿಂದಿನ ಚಕ್ರಗಳನ್ನು ಪ್ರತ್ಯೇಕ ಎಲೆಕ್ಟ್ರಿಕ್ ಮೋಟಾರು ತಿರುಗಿಸುವುದರಿಂದ ಶಾಫ್ಟ್ ಇರುವುದಿಲ್ಲ.

ಪಿಕಪ್‌ಗಳ ಪಾರ್ಟ್-ಟೈಮ್ ಫೋರ್-ವೀಲ್ ಡ್ರೈವ್ ಬೇರೆಯೇ ಲೆಕ್ಕ. ಅದನ್ನು ಕೈಯಾರೆ ಹಾಕಬೇಕು, ಒಣ ರಸ್ತೆ ಬಂದಾಗ ತೆಗೆಯಬೇಕು. ತೆಗೆಯದೆ ಓಡಿಸಿದರೆ ತಿರುವುಗಳಲ್ಲಿ ಒಳಗಿನ ಗೇರುಗಳಿಗೆ ಪೆಟ್ಟು. ಖಾಲಿ ಪಿಕಪ್‌ನ ಹಿಂಭಾಗ ಹಗುರ ಇರುವುದರಿಂದ ಬೇಗ ಜಾರುತ್ತದೆ ಕೂಡ.

ಡೆನ್ವರ್‌ನಿಂದ ಬೆಟ್ಟಕ್ಕೆ ಹೋಗುವ ಐ-70ರ ನಿಯಮ ಇಲ್ಲಿ ನೆನಪಿಡಿ. ಮಾರಿಸನ್‌ನಿಂದ ಡಾಟ್ಸೆರೊವರೆಗೆ ಸೆಪ್ಟೆಂಬರ್ 1ರಿಂದ ಮೇ 31ರ ತನಕ ಆಲ್-ವೀಲ್ ಡ್ರೈವ್ ಗಾಡಿಯ ಟೈರಿಗೂ 3/16 ಇಂಚು ಆಳ ಬೇಕು. ಬ್ಯಾಡ್ಜ್ ತೋರಿಸಿ ಪಾರಾಗಲು ಅಲ್ಲೂ ಆಗುವುದಿಲ್ಲ.

ಡ್ರೈವ್ ಯಾವುದೇ ಇರಲಿ, 2012 ಅಥವಾ ಅದಕ್ಕಿಂತ ಹೊಸ ಮಾಡೆಲ್ ನೋಡಿ. ಜಾರಿದಾಗ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ಗಾಡಿಯನ್ನು ನೆಟ್ಟಗೆ ಮಾಡುವ ಸ್ಟೆಬಿಲಿಟಿ ಕಂಟ್ರೋಲ್ ಅಮೆರಿಕದಲ್ಲಿ ಆ ಮಾಡೆಲ್ ವರ್ಷದಿಂದ ಎಲ್ಲ ಕಾರುಗಳಿಗೂ ಕಡ್ಡಾಯ.

ಹಂತ 5: ಎತ್ತರ ಮತ್ತು ತೂಕ

ಕೊರೊಲಾದ ಹೊಟ್ಟೆ ನೆಲದಿಂದ ಸುಮಾರು 5.3 ಇಂಚು ಎತ್ತರ. ಸುಬಾರು ಫಾರೆಸ್ಟರ್, ಔಟ್‌ಬ್ಯಾಕ್, ಕ್ರಾಸ್‌ಟ್ರೆಕ್ 8.7 ಇಂಚು. ಸ್ನೋ ಹೊಟ್ಟೆಗಿಂತ ಮೇಲೆ ಬಂದರೆ ಗಾಡಿ ಅದರ ಮೇಲೆ ಕೂತುಬಿಡುತ್ತದೆ, ಚಕ್ರ ಸುಮ್ನೆ ಸುತ್ತುತ್ತದೆ. ಆಗ ಎಷ್ಟು ಚಕ್ರಕ್ಕೆ ಶಕ್ತಿ ಹೋದರೂ ಪ್ರಯೋಜನವಿಲ್ಲ.

ಸಮತಟ್ಟು ಮಹಾನಗರದಲ್ಲೂ ಒಂದು ಕಡೆ ಎತ್ತರ ಬೇಕಾಗುತ್ತದೆ. ಪ್ಲೌ ಹೋದ ಮೇಲೆ ಡ್ರೈವ್‌ವೇ ಬಾಯಲ್ಲಿ ಒಂದು ದಿಬ್ಬ ಬಿಟ್ಟು ಹೋಗುತ್ತದೆ. ಉಪ್ಪುನೀರು ಕುಡಿದ ಆ ರಾಶಿ ಸ್ವಲ್ಪ ಹೊತ್ತಿಗೇ ಕಲ್ಲಿನಂತಾಗುತ್ತದೆ. ತಗ್ಗಿನ ಬಂಪರ್ ಅದಕ್ಕೆ ಗುದ್ದಿ ಅಡಿಯ ಪ್ಲಾಸ್ಟಿಕ್ ಕಿತ್ತು ಬರುತ್ತದೆ. ಮುಂದಿನ ಬಂಪರ್ ತುದಿಯ ಎತ್ತರವನ್ನು ಟೇಪಿನಲ್ಲಿ ಅಳೆದು ನೋಡಿ.

ಸರೋವರದ ಊರುಗಳಲ್ಲಿ ಎಂಟು ಇಂಚಿಗಿಂತ ಕಡಿಮೆ ಬೇಡ. ಹಾಗಂತ ಎತ್ತರದ ಗಾಡಿ ಇದೆ ಎಂದು ಬಿರುಗಾಳಿಯಲ್ಲಿ ಹೊರಡಬೇಡಿ. 2022ರ ಡಿಸೆಂಬರ್‌ನಲ್ಲಿ ಬಫಲೋದಲ್ಲಿ ಅಗ್ನಿಶಾಮಕ ಗಾಡಿಗಳೇ ಸಿಕ್ಕಿಹಾಕಿಕೊಂಡವು. ಕಾರಿನಲ್ಲೇ ಸಿಲುಕಿ ಪ್ರಾಣ ಬಿಟ್ಟವರಿದ್ದಾರೆ. ತೀರಾ ಭಾರದ, ತೀರಾ ಎತ್ತರದ ಗಾಡಿಯೂ ಬೇಡ. ತೂಕ ಹೊರಡುವಾಗ ಸ್ವಲ್ಪ ನೆರವಾದರೂ ಇಳಿಜಾರಿನಲ್ಲಿ ನಿಲ್ಲಿಸುವಾಗ ಅದೇ ತೂಕ ಎದುರಾಳಿಯಾಗುತ್ತದೆ.

ಹಂತ 6: ತುಕ್ಕು ನೋಡಿ, ನೆಲಕ್ಕೆ ಕೂತು ನೋಡಿ

ಈ ಹಂತವನ್ನು ನಮ್ಮವರು ಹಾರಿಸುವಷ್ಟು ಬೇರೆ ಯಾವುದನ್ನೂ ಹಾರಿಸುವುದಿಲ್ಲ. ರಸ್ತೆಗೆ ಹಾಕುವ ಉಪ್ಪು ನೀರಿನ ಜೊತೆ ಸೇರಿ ಗಾಡಿಯ ಅಡಿಗೆ ಎರಚುತ್ತದೆ. ಹತ್ತು ಚಳಿಗಾಲ ಕಂಡ ಗಾಡಿ ಮೇಲೆ ಮಿರಮಿರ ಮಿಂಚುತ್ತಿದ್ದರೂ ಕೆಳಗೆ ಕೊರೆದುಹೋಗಿರಬಹುದು.

ಬೆಡ್‌ಶೀಟ್ ಹಾಸಿ ಕೂರಿ. ಮೊದಲು ಬಾಗಿಲುಗಳ ಕೆಳಗಿನ ಉದ್ದನೆಯ ಪಟ್ಟಿಯ ಅಡಿಭಾಗವನ್ನು ಬೆರಳಲ್ಲಿ ಒತ್ತುತ್ತಾ ಹೋಗಿ. ಗಟ್ಟಿ ಲೋಹ ತಣ್ಣಗೆ, ಬಿಗಿಯಾಗಿ ಸಿಗುತ್ತದೆ. ಕೊಳೆತ ಕಡೆ ಕರಕರ ಎನ್ನುತ್ತದೆ, ಕಂದು ಪುಡಿ ಬೆರಳಿಗೆ ಬರುತ್ತದೆ. ಆಮೇಲೆ ಚಕ್ರದ ಮೇಲಿನ ಕಮಾನಿನ ಒಳಅಂಚು. ಪೇಂಟ್ ಗುಳ್ಳೆ ಎದ್ದಿದ್ದರೆ ತುಕ್ಕು ಒಳಗಿಂದ ಹೊರಗೆ ಬರುತ್ತಿದೆ ಎಂದರ್ಥ. ಟಾರ್ಚ್ ಹಾಕಿ ಅಡಿಗೆ ನೋಡಿ. ಪೆನ್ಸಿಲ್‌ಗಿಂತ ತೆಳ್ಳಗಿನ ಲೋಹದ ಕೊಳವೆಗಳು ಮುಂದಿನಿಂದ ಹಿಂದಕ್ಕೆ ಹೋಗಿರುತ್ತವೆ. ಅವೇ ಬ್ರೇಕ್ ಲೈನ್. ಅವುಗಳ ಮೇಲೆ ಹೊಪ್ಪಳೆ ಎದ್ದ ತುಕ್ಕು ಅಥವಾ ಒದ್ದೆ ಕಲೆ ಕಂಡರೆ ಟೆಸ್ಟ್ ಡ್ರೈವ್ ಕೂಡ ಮಾಡಬೇಡಿ. ಒತ್ತಿ ಹಿಡಿದ ಬ್ರೇಕ್‌ನಲ್ಲಿ ಆ ಲೈನ್ ಒಡೆಯಬಹುದು.

ಎಕ್ಸಾಸ್ಟ್ ಪೈಪಿನ ಮೇಲೆ, ಬೋಲ್ಟ್‌ಗಳ ಮೇಲೆ ತೆಳ್ಳನೆ ಕಂದುಬಣ್ಣ ಇದ್ದರೆ ಹೆದರಬೇಡಿ, ಉತ್ತರದ ಎಲ್ಲ ಗಾಡಿಗಳಲ್ಲೂ ಇರುತ್ತದೆ. ಪದರ ಪದರವಾಗಿ ಕಳಚುವುದು, ತೂತು ಬಿದ್ದಿರುವುದು ಅಪಾಯ. ಅಡಿಗೆಲ್ಲ ಹೊಸದಾಗಿ ಕಪ್ಪು ಸ್ಪ್ರೇ ಹೊಡೆದಿದ್ದರೆ ಇನ್ನೂ ದೊಡ್ಡ ಎಚ್ಚರಿಕೆ. ಮಾರುವ ವಾರದಲ್ಲಿ ಬಳಿದ ಬಣ್ಣ ಯಾವುದನ್ನೋ ಮುಚ್ಚಲೇ ಇರುತ್ತದೆ.

ಇದೆಲ್ಲ ನೋಡಿದ ಮೇಲೂ ಮೆಕ್ಯಾನಿಕ್ ಹತ್ತಿರ ಲಿಫ್ಟ್ ಮೇಲೆ ಏರಿಸಿ. ಸಬ್‌ಫ್ರೇಮ್, ಸಸ್ಪೆನ್ಷನ್ ಸೇರುವ ಜಾಗ ಕೆಳಗಿನಿಂದಲೇ ಸರಿಯಾಗಿ ಕಾಣುವುದು. ಮಾರುವವರು ತಪಾಸಣೆಗೆ ಒಪ್ಪಲಿಲ್ಲವಾ? ಎದ್ದು ಬನ್ನಿ.

ದಕ್ಷಿಣದ ರಾಜ್ಯದ ಗಾಡಿ ಸಿಕ್ಕರೆ ತುಕ್ಕಿನ ಭಯ ಕಡಿಮೆ. ಆದರೆ ಎರಡು ವಿಷಯ. ಸೆಖೆಯ ಊರಿನಲ್ಲಿ ಎಂಜಿನ್ ತಣಿಸುವ ಕೂಲೆಂಟ್ ಬದಲು ಬರೀ ನೀರು ಸುರಿದಿರಬಹುದು. ಅದು ಹೆಪ್ಪುಗಟ್ಟಿದರೆ ಎಂಜಿನ್ ಬ್ಲಾಕ್ ಸೀಳುತ್ತದೆ. ಅರ್ಧ ಕೂಲೆಂಟ್, ಅರ್ಧ ನೀರಿನ ಮಿಶ್ರಣ ಸುಮಾರು ಮೈನಸ್ 37 ಡಿಗ್ರಿವರೆಗೆ ತಡೆಯುತ್ತದೆ, ಮೆಕ್ಯಾನಿಕ್ ಹತ್ತಿರ ಅಳೆಸಿ. ಇನ್ನೊಂದು, ಪ್ರವಾಹದಲ್ಲಿ ಮುಳುಗಿದ ಗಾಡಿಯಾ ಎಂದು ಹಿಸ್ಟರಿ ರಿಪೋರ್ಟ್‌ನಲ್ಲಿ ನೋಡಿ.

ಹಂತ 7: ಚಳಿಗೆ ತಯಾರಿದೆಯಾ?

ಮೈನಸ್ 18 ಡಿಗ್ರಿಯಲ್ಲಿ ಬ್ಯಾಟರಿ ತನ್ನ ಶಕ್ತಿಯ ಅರ್ಧಕ್ಕಿಂತ ಜಾಸ್ತಿ ಕಳೆದುಕೊಳ್ಳುತ್ತದೆ. ಅದೇ ಹೊತ್ತಿಗೆ ಆಯಿಲ್ ಗಟ್ಟಿಯಾಗಿ ಎಂಜಿನ್ ತಿರುಗಿಸಲು ಹೆಚ್ಚು ಶಕ್ತಿ ಬೇಕಾಗುತ್ತದೆ. ಬ್ಯಾಟರಿಯ ಮೇಲಿನ ತಾರೀಖು ನೋಡಿ. ನಾಲ್ಕು ವರ್ಷ ದಾಟಿದ್ದರೆ ಬದಲಿಸುವ ದುಡ್ಡು ಬೆಲೆಯಲ್ಲಿ ಕಡಿಸಿ.

ವಿನಿಪೆಗ್, ಎಡ್ಮಂಟನ್ ಕಡೆಯವರು ಎಂಜಿನ್ನನ್ನು ಕರೆಂಟಿನಿಂದ ಬೆಚ್ಚಗಿಡುವ ಬ್ಲಾಕ್ ಹೀಟರ್ ಇರುವ ಗಾಡಿಯನ್ನೇ ಹುಡುಕಿ. ಮುಂದಿನ ಗ್ರಿಲ್‌ನಿಂದ ಪುಟ್ಟ ಪ್ಲಗ್ ನೇತಾಡುತ್ತಿರುತ್ತದೆ. ಅದು ಕೆಲಸ ಮಾಡುತ್ತದೆಯೇ ಎಂದು ಪರೀಕ್ಷೆ ಮಾಡಿಸಿ. ನಿಮ್ಮ ಪಾರ್ಕಿಂಗ್ ಜಾಗದಲ್ಲಿ ಕರೆಂಟ್ ಕಂಬ ಇದೆಯೇ ಎಂದೂ ಅಪಾರ್ಟ್‌ಮೆಂಟಿನವರನ್ನು ಕೇಳಿ.

ಬಿಸಿ ಸೀಟು, ಬಿಸಿ ಕನ್ನಡಿ, ರಿಮೋಟ್ ಸ್ಟಾರ್ಟ್ ಇದ್ದರೆ ಒಳ್ಳೆಯದು. ಹಿಂದಿನ ಗಾಜಿನ ಡಿಫ್ರಾಸ್ಟರ್ ಮಾತ್ರ ಇರಲೇಬೇಕು, ಕೆಲಸವೂ ಮಾಡಬೇಕು.

ಎಲೆಕ್ಟ್ರಿಕ್ ಗಾಡಿ ಸ್ಟಾರ್ಟ್ ವಿಷಯದಲ್ಲಿ ಸತಾಯಿಸುವುದಿಲ್ಲ, ರೇಂಜ್, ಅಂದರೆ ಒಂದು ಚಾರ್ಜಿಗೆ ಓಡುವ ದೂರ ಮಾತ್ರ ಬೀಳುತ್ತದೆ. ಅಮೆರಿಕದ ವಾಹನ ಸವಾರರ ಸಂಸ್ಥೆ ಟ್ರಿಪಲ್-ಎ 2019ರಲ್ಲಿ ಪರೀಕ್ಷಿಸಿದಾಗ ಮೈನಸ್ 7 ಡಿಗ್ರಿಯಲ್ಲಿ ಹೀಟರ್ ಹಾಕಿಕೊಂಡು ಓಡಿಸಿದರೆ ಸರಾಸರಿ ಶೇ 41ರಷ್ಟು ರೇಂಜ್ ಇಳಿದಿತ್ತು. ಕಡಿಮೆ ಕರೆಂಟಿನಲ್ಲಿ ಒಳಗೆ ಬಿಸಿ ಮಾಡುವ ಹೀಟ್ ಪಂಪ್ ಇರುವ ಮಾಡೆಲ್ ಆರಿಸಿ. ಮನೆಯಲ್ಲಿ ಚಾರ್ಜಿಂಗ್ ಇಲ್ಲದವರು ಮೊದಲ ಚಳಿಗಾಲಕ್ಕೆ ಎಲೆಕ್ಟ್ರಿಕ್ ಗಾಡಿ ತಗೊಳ್ಳದಿರುವುದೇ ವಾಸಿ.

ಹಂತ 8: ಟೆಸ್ಟ್ ಡ್ರೈವ್

"ನಾನು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ" ಎಂದು ಮಾರುವವರಿಗೆ ಹೇಳಿಟ್ಟಿರಿ. ಹೋದ ತಕ್ಷಣ ಬಾನೆಟ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ತಣ್ಣಗಿನ ಸ್ಟಾರ್ಟ್‌ನಲ್ಲಿ ಬರುವ ಸದ್ದನ್ನು ನಿಮಗೆ ಕೇಳಿಸಬಾರದು ಎಂದಿರಬಹುದು. ಇನ್ನೊಂದು ದಿನ ಬರುತ್ತೇನೆ ಎನ್ನಿ.

ಕೀ ತಿರುಗಿಸಿದಾಗ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ) ಮತ್ತು ಸ್ಟೆಬಿಲಿಟಿ ದೀಪಗಳು ಹೊತ್ತಿ, ಆರಬೇಕು. ಆರದಿದ್ದರೆ ದೋಷ. ಹೊತ್ತಲೇ ಇಲ್ಲವೆಂದರೆ ದೀಪವನ್ನೇ ಕಿತ್ತು ದೋಷ ಮುಚ್ಚಿರಬಹುದು. ಹೊರಗೆ ಸೆಖೆ ಇದ್ದರೂ ಹೀಟರ್ ಪೂರ್ತಿ ಇಡಿ, ಗಾಜಿನ ಕಡೆಯ ಗಾಳಿ ಬಿಸಿಯಾಗಿ ಜೋರಾಗಿ ಬರಬೇಕು. ಖಾಲಿ ಜಾಗದಲ್ಲಿ ಹಿಂದೆ ಮುಂದೆ ನೋಡಿಕೊಂಡು ಗಟ್ಟಿಯಾಗಿ ಬ್ರೇಕ್ ಒತ್ತಿ. ಗಾಡಿ ಪಕ್ಕಕ್ಕೆ ಎಳೆದರೆ ಐಸಿನ ಮೇಲೆ ಅದೇ ನಿಮ್ಮನ್ನು ಸುತ್ತಿಸುತ್ತದೆ. ಆಲ್-ವೀಲ್ ಗಾಡಿಯಾದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ವೃತ್ತ ಹೊಡೆಯಿರಿ. ಕಟಕಟ ಸದ್ದು, ತಡೆದು ತಡೆದು ಹೋಗುವುದು ಎರಡೂ ದುಬಾರಿ ರಿಪೇರಿಯ ಸೂಚನೆ. ಚಕ್ರ ಸುಮ್ನೆ ಸುತ್ತದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಮಾಡುವ ಬಟನ್ ಎಲ್ಲಿದೆ ಎಂದು ಹುಡುಕಿಡಿ. ಸ್ನೋದಲ್ಲಿ ಹೂತಾಗ ಹಿಂದೆ ಮುಂದೆ ಆಡಿಸಿ ಹೊರತೆಗೆಯಲು ಅದು ಬೇಕಾಗುತ್ತದೆ.

ಹೊರಡುವ ಮೊದಲು ವಿನ್ ನಂಬರ್ ಹಾಕಿ ಬಾಕಿ ರಿಕಾಲ್‌ಗಳನ್ನು (ದೋಷ ಸರಿಪಡಿಸಲು ತಯಾರಕರು ಗಾಡಿಯನ್ನು ವಾಪಸ್ ಕರೆದದ್ದು) ನೋಡಿ. ಅಮೆರಿಕದಲ್ಲಿ ಸರ್ಕಾರಿ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ (NHTSA) ಸೈಟ್‌ನಲ್ಲಿ ಉಚಿತವಾಗಿ ಸಿಗುತ್ತದೆ.

ಹಂತ 9: ಕೊಂಡ ಮೇಲೆ, ಮೊದಲ ಸ್ನೋಗೆ ಮುಂಚೆ

ಟೈರ್ ಅಂಗಡಿಯ ಅಪಾಯಿಂಟ್‌ಮೆಂಟ್ ಅಕ್ಟೋಬರ್‌ನಲ್ಲೇ ತಗೊಳ್ಳಿ. ಮೊದಲ ಸ್ನೋ ಬಿದ್ದ ದಿನ ಫೋನ್ ಮಾಡಿದರೆ ಎರಡು ಮೂರು ವಾರ ಕಾಯಬೇಕಾದೀತು. ಬೇಸಿಗೆಯ ವಾಷರ್ ದ್ರವವನ್ನು ಪೂರ್ತಿ ಖಾಲಿ ಮಾಡಿ ಮೈನಸ್ 40ರದ್ದು ತುಂಬಿಸಿ. ಇಲ್ಲವಾದರೆ ಹೆದ್ದಾರಿಯಲ್ಲಿ ಉಪ್ಪುನೀರು ಗಾಜಿಗೆ ಎರಚಿದಾಗ ಏನೂ ಕಾಣುವುದಿಲ್ಲ.

ಡಿಕ್ಕಿಯಲ್ಲಿ ಬ್ರಷ್ಷಿರುವ ಸ್ಕ್ರೇಪರ್, ಮಡಚುವ ಸಲಿಕೆ, ಜಂಪರ್ ಕೇಬಲ್, ಒಂದು ಚೀಲ ಮರಳು, ಕಂಬಳಿ, ಫೋನ್ ಚಾರ್ಜರ್ ಇರಲಿ. ಸ್ನೋದಲ್ಲಿ ಸಿಲುಕಿದರೆ ಎಂಜಿನ್ ಹಾಕುವ ಮೊದಲು ಹಿಂದಿನ ಸೈಲೆನ್ಸರ್ ಬಾಯಿಯ ಸ್ನೋ ತೆಗೆಯಿರಿ. ಮುಚ್ಚಿದ್ದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಒಳಗೆ ಬರುತ್ತದೆ, ವಾಸನೆಯೂ ಇರುವುದಿಲ್ಲ.

ಮೊದಲ ಸ್ನೋ ಬಿದ್ದಾಗ ಖಾಲಿ ಪಾರ್ಕಿಂಗ್ ಲಾಟ್‌ನಲ್ಲಿ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಒತ್ತಿ ನೋಡಿ. ಪೆಡಲ್ ಕಾಲಡಿ ಗರಗರ ನಡುಗಿದರೆ ಅದು ಎಬಿಎಸ್. ಕಾಲು ತೆಗೆಯಬೇಡಿ, ಒತ್ತಿಯೇ ಹಿಡಿದು ಸ್ಟೀರಿಂಗ್ ತಿರುಗಿಸಿ. ಶೂನ್ಯದ ಆಸುಪಾಸಿನ ಐಸು ಮೈನಸ್ 20ರ ಐಸಿಗಿಂತ ಜಾಸ್ತಿ ಜಾರುತ್ತದೆ. ಮೇಲೆ ನೀರಿನ ತೆಳು ಪದರ ನಿಂತಿರುತ್ತದೆ. "ಇವತ್ತು ಚಳಿ ಕಡಿಮೆ" ಅನ್ನಿಸಿದ ದಿನವೇ ಸೇತುವೆಗಳ ಮೇಲೆ ನಿಧಾನ ಮಾಡಿ.

ಚಳಿ ಏರಿದಂತೆ ಟೈರಿನ ಗಾಳಿ ಇಳಿಯುತ್ತದೆ, ಸುಮಾರು ಐದೂವರೆ ಡಿಗ್ರಿ ಸೆಲ್ಸಿಯಸ್‌ಗೆ ಒಂದು ಪಿಎಸ್‌ಐ ಲೆಕ್ಕದಲ್ಲಿ. ತಿಂಗಳಿಗೊಮ್ಮೆ ಬೆಳಿಗ್ಗೆ, ಓಡಿಸುವ ಮೊದಲು ಅಳೆಯಿರಿ. ವಿಂಟರ್ ಟೈರು ಹಾಕಿಸಿ ನೂರು ಕಿಲೋಮೀಟರ್ ಓಡಿದ ಮೇಲೆ ಅದೇ ಅಂಗಡಿಗೆ ಹೋಗಿ ಚಕ್ರದ ನಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿ. ಸಾಮಾನ್ಯವಾಗಿ ಇದಕ್ಕೆ ದುಡ್ಡು ತಗೊಳ್ಳುವುದಿಲ್ಲ.